ಹಳೆಯ ಕಾರಿನ ಕಾರ್ಪೆಟ್ ಎತ್ತಿ ನೋಡಿದ್ದೀರಾ?

ನಿಮ್ಮ ಮನೆಯಂಗಳದಲ್ಲೂ ಒಂದು ಹಳೆಯ ಅಂಬಾಸಿಡರ್ ಅಥವಾ ಪದ್ಮಿನಿ ನಿಂತಿರಬಹುದು. ಮಾರಲು ಮನಸ್ಸಿಲ್ಲ, ಮಾರಿದರೂ ಗುಜರಿ ಬೆಲೆ. ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತುಹೋಯಿತು. ಆದರೂ ನಮ್ಮ ಮಾವನವರ ಕಾಲದ ಅಂಬಾಸಿಡರ್ ಈಗಲೂ ಓಡುತ್ತಿದೆ. ಮದುವೆಯಾಗಿ ಗಂಗಾವತಿಗೆ ಬಂದ ದಿನ ನಾನು ಇಳಿದದ್ದು ಅದರಿಂದಲೇ. ಆಗ ಹಿಂದಿನ ಕಿಟಕಿಗಳಿಗೆ ಹೂವಿನ ಪರದೆ ಕಟ್ಟಿದ್ದರು.

ಆದರೆ ಬೇಸಿಗೆಯಲ್ಲಿ ಅದರೊಳಗೆ ಕುಳಿತವರಿಗೇ ಗೊತ್ತು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಜಿಲ್ಲೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಮೇಲೆ ಕಾದ ತಗಡು, ಕಾಲಬುಡದಲ್ಲಿ ಎಂಜಿನ್ನಿನ ಬಿಸಿ. ಗದ್ದಲವಂತೂ ಹೇಳುವುದೇ ಬೇಡ. ಹಿಂದೆ ಕುಳಿತ ಅತ್ತೆಯವರ ಮಾತು ಮುಂದಿನವರಿಗೆ ಕೇಳಿಸುತ್ತಿರಲಿಲ್ಲ. (ಕೆಲವೊಮ್ಮೆ ಅದೂ ಒಂದು ಅನುಕೂಲವೇ!)

ಎರಡು ಬೇಸಿಗೆಯ ಹಿಂದೆ ಕುಷ್ಟಗಿಯಲ್ಲಿ ಒಂದು ಮದುವೆ ಮುಗಿಸಿ ಮರಳುತ್ತಿದ್ದೆವು. ಬಿಸಿಗಾಳಿ ಬೇಡವೆಂದು ಗಾಜು ಏರಿಸಿದ್ದೆವು. ಹಿಂದಿನ ಸೀಟಿನಲ್ಲಿದ್ದ ಚಿಕ್ಕ ಮಗ ತಲೆನೋವೆಂದು ದಾದಿಯ ತೊಡೆಯ ಮೇಲೆ ಮಲಗಿದ. ಸ್ವಲ್ಪ ಹೊತ್ತಿಗೆ ವಾಂತಿ. ಬಿಸಿಲು ತಾಗಿತೆಂದೇ ಎಲ್ಲರೂ ಭಾವಿಸಿದೆವು. ಕಾರು ನಿಲ್ಲಿಸಿ, ಕೆಳಗಿಳಿಸಿ, ಬೇವಿನ ನೆರಳಲ್ಲಿ ಕೂರಿಸಿದ ಮೇಲೆ ಚೇತರಿಸಿಕೊಂಡ. ಮನೆಗೆ ಬಂದವರೇ ನಮ್ಮವರು, ‘ಈ ಸಲ ಕಾರಿಗೆ ಶಾಖ ತಡೆಯುವ ಶೀಟು ಹಾಕಿಸಿಯೇ ಬಿಡೋಣ’ ಎಂದರು.

ಮೆಕ್ಯಾನಿಕ್ ಬಂದು ಸೀಟು ಬಿಚ್ಚಿ ಕಾರ್ಪೆಟ್ ಎತ್ತಿದ. ಅದರ ಕೆಳಗೆ ನಾಲ್ಕು ಮಡಿಕೆಯ ಒಂದು ಕೌದಿ! ಬಿಸಿ ತಾಗದಿರಲಿ ಎಂದು ಮಾವನವರು ಎಂದೋ ಹಾಸಿದ್ದರು. ಮಳೆಗಾಲದ ನೀರು ಕುಡಿದು ಕೌದಿ ಕೊಳೆತಿತ್ತು, ಅದರಡಿಯ ತಗಡು ತುಕ್ಕು ಹಿಡಿದು ನಿಂಬೆಹಣ್ಣಿನಷ್ಟು ತೂತಾಗಿತ್ತು. ಅದರ ಹತ್ತಿರವೇ ಸೈಲೆನ್ಸರ್ ಪೈಪಿನ ಜೋಡಣೆ ಸಡಿಲವಾಗಿ ಹೊಗೆ ಬಿಡುತ್ತಿತ್ತು.

‘ನೋಡ್ರಿ ಭಾಬಿ, ಕೂಸಿಗೆ ಬಿಸಿಲಷ್ಟ ಅಲ್ಲ, ಹೊಗಿನೂ ತಾಗಿರಬೇಕು’ ಎಂದ.

ಎಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲವಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತ ಆಮ್ಲಜನಕ ಒಯ್ಯುವುದನ್ನು ಅದು ತಡೆಯುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಜೊಂಪು ಮೊದಲ ಲಕ್ಷಣಗಳು. ಹೆಚ್ಚಾದರೆ ಜೀವಕ್ಕೇ ಅಪಾಯ. ಹಿಂದಿನ ಸೀಟಿನಲ್ಲಿ ಕುಳಿತ ಮಕ್ಕಳು, ವೃದ್ಧರು ಪ್ರಯಾಣದಲ್ಲಿ ಮತ್ತೆ ಮತ್ತೆ ತಲೆನೋವು ಎಂದರೆ, ಇಳಿದೊಡನೆ ಸರಿಹೋದರೆ, ಅದನ್ನು ಬಿಸಿಲಿನ ತಲೆಗೆ ಕಟ್ಟಿ ಸುಮ್ಮನಾಗಬೇಡಿ. ಆ ತೂತಿನ ಮೇಲೆಯೇ ನಾವು ಹೊಸ ಶೀಟು ಅಂಟಿಸಿದ್ದರೆ ಹೊಗೆ ಬೇರೆ ಸಂದಿಯಿಂದ ಬರುತ್ತಲೇ ಇರುತ್ತಿತ್ತು, ನಮಗೆ ತಿಳಿಯುತ್ತಲೂ ಇರಲಿಲ್ಲ.

ಆದ್ದರಿಂದ ನಮ್ಮಲ್ಲಿ ಮೊದಲು ಸೈಲೆನ್ಸರ್ ರಿಪೇರಿ, ಆಮೇಲೆ ಟಿಂಕರ್ ಕೆಲಸ. ಸಡಿಲ ತುಕ್ಕು ಉಜ್ಜಿ ತೆಗೆದು, ತೂತಿಗೆ ತಗಡು ಬೆಸುಗೆ ಹಾಕಿ, ರೆಡ್ ಆಕ್ಸೈಡ್ ಬಳಿದು ಒಣಗಿಸಿದರು. ಎಂಜಿನ್ನಿಗೂ ನಮ್ಮ ಕಾಲಿಗೂ ನಡುವಿನ ತಗಡಿನಲ್ಲಿ ವೈರು, ಕೇಬಲ್ ಹಾಯುವ ತೂತುಗಳಿರುತ್ತವೆ. ಅವುಗಳ ರಬ್ಬರ್ ಬಿರುಕು ಬಿಟ್ಟಿತ್ತು, ಹೊಸದು ಹಾಕಿಸಿದೆವು. ಬಾಗಿಲ ರಬ್ಬರನ್ನೂ ಬದಲಿಸಿದೆವು. ನಿಜ ಹೇಳಬೇಕೆಂದರೆ, ಅರ್ಧ ಗದ್ದಲ ಇಷ್ಟಕ್ಕೇ ಇಳಿದಿತ್ತು.

ಇನ್ನು ಶೀಟಿನ ವಿಷಯ. ಸದ್ದು ಬೇರೆ, ಶಾಖ ಬೇರೆ, ಅಂಗಡಿಯವರು ಎರಡನ್ನೂ ಒಂದೇ ಎಂದು ಮಾರುತ್ತಾರೆ. ಸ್ಟೀಲ್ ತಟ್ಟೆ ಕೈಜಾರಿ ಬಿದ್ದಾಗ ಠಣಠಣ ಎನ್ನುತ್ತದಲ್ಲ, ಮೇಲೆ ಅಂಗೈ ಇಟ್ಟರೆ ಥಟ್ಟನೆ ನಿಲ್ಲುತ್ತದೆ. ಬ್ಯುಟೈಲ್ ರಬ್ಬರ್ ಶೀಟು ಮಾಡುವುದು ಅಂಗೈಯ ಕೆಲಸ. ತಗಡಿನ ನಡುಕವನ್ನು ಹಿಡಿಯುತ್ತದೆ. ಇದನ್ನು ಇಡೀ ಕಾರಿಗೆ ಹೊದಿಸಬೇಕಿಲ್ಲ. ಬೆರಳ ಗಂಟಿನಿಂದ ತಟ್ಟಿ ನೋಡಿ, ಠಣ್ ಎನ್ನುವಲ್ಲಿ ಒಂದೊಂದು ತುಂಡು ಅಂಟಿಸಿದರೆ ಸಾಕು. ಅಗ್ಗಕ್ಕೆ ಸಿಗುವ ಡಾಂಬರಿನ ಶೀಟು ನಮ್ಮ ಬಿಸಿಲಿಗೆ ಮೆತ್ತಗಾಗಿ ವಾಸನೆ ಬರುತ್ತದೆ. ಚಾವಣಿಗಂತೂ ಅದು ಬೇಡವೇ ಬೇಡ.

ಶಾಖಕ್ಕೆ ಬೇಕಾದದ್ದು ಹಾಟ್‌ಬಾಕ್ಸಿನ ಗೋಡೆಯಂಥದ್ದು. ನೀರು ಹೀರದ, ಬೆಂಕಿ ಸುಲಭವಾಗಿ ಹತ್ತದ ಫೋಮ್ ಶೀಟನ್ನು ರಬ್ಬರಿನ ಮೇಲೆ ಹಾಸುತ್ತಾರೆ. ಬೆಳ್ಳಿ ಬಣ್ಣದ ಹಾಳೆ ಹೊಳೆಯಿತೆಂದು ಮರುಳಾಗಬೇಡಿ. ಅದರ ಎದುರು ಸ್ವಲ್ಪ ಗಾಳಿಯ ಜಾಗವಿದ್ದರೆ ಮಾತ್ರ ಅದು ಶಾಖವನ್ನು ಹಿಂದಕ್ಕೆ ತಳ್ಳುತ್ತದೆ. ಕಾರ್ಪೆಟ್ಟಿನ ಕೆಳಗೆ ಒತ್ತಿಹೋದರೆ ಆ ಹೊಳಪಿನಿಂದ ಪ್ರಯೋಜನವಿಲ್ಲ. ನಮ್ಮಲ್ಲಿ ಹೆಚ್ಚು ಫಲ ಸಿಕ್ಕಿದ್ದು ಚಾವಣಿಯಲ್ಲಿ ಮತ್ತು ಗೇರ್‌ಬಾಕ್ಸಿನ ಮೇಲಿನ ಉಬ್ಬಿನಲ್ಲಿ.

ಖರ್ಚು ಉಳಿಸಲು ಥರ್ಮೋಕೋಲ್, ಗೋಣಿಚೀಲ, ಹಳೆಯ ಬಟ್ಟೆ ತುರುಕಬೇಡಿ. ಥರ್ಮೋಕೋಲ್ ಬೇಗ ಹೊತ್ತಿಕೊಳ್ಳುತ್ತದೆ. ಬಟ್ಟೆಯ ಗತಿ ನಮ್ಮ ಕೌದಿ ಹೇಳಿದೆ. ಬಾಗಿಲುಗಳ ತಳದಲ್ಲಿ ಮಳೆನೀರು ಇಳಿಯಲು ಸಣ್ಣ ಕಿಂಡಿಗಳಿರುತ್ತವೆ, ಹುಡುಗರು ಉತ್ಸಾಹದಲ್ಲಿ ಅವನ್ನೂ ಮುಚ್ಚಿಬಿಡುತ್ತಾರೆ. ಪಕ್ಕದಲ್ಲಿ ನಿಂತು ನೋಡಿಕೊಳ್ಳಿ. ಕೆಲಸಕ್ಕೆ ಮೊದಲು ಬ್ಯಾಟರಿ ತಂತಿ ಬಿಚ್ಚಿಸಿ. ಅಂಟು ಬಳಿದ ಮೇಲೆ ವಾಸನೆ ಪೂರ್ತಿ ಹೋಗುವವರೆಗೆ ಬಾಗಿಲು ತೆರೆದಿಡಿ, ಅಲ್ಲಿಯತನಕ ಮಕ್ಕಳನ್ನು ಕೂರಿಸಬೇಡಿ.

ಇಷ್ಟೆಲ್ಲ ಆದರೂ ಕಾರು ತಂಪಿನ ಪೆಟ್ಟಿಗೆಯಾಗಲಿಲ್ಲ. ಗಾಜಿನಿಂದ ಬಿಸಿಲು ಬಂದೇ ಬರುತ್ತದೆ. ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವುದನ್ನು ಸುಪ್ರೀಂ ಕೋರ್ಟ್ 2012ರಲ್ಲೇ ನಿಷೇಧಿಸಿತು. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಶಾಖ ಏರಬಹುದು, ಯಾವ ಶೀಟೂ ಅದನ್ನು ತಡೆಯದು. ಕೊಪ್ಪಳದ ಪೇಟೆಯಲ್ಲಿ ‘ಎರಡು ನಿಮಿಷದಲ್ಲಿ ಬಂದೆ’ ಎಂದು ಮಲಗಿದ ಮಗುವನ್ನು ಕಾರಿನಲ್ಲೇ ಬಿಟ್ಟು ಸೀರೆ ಅಂಗಡಿ ಹೊಕ್ಕವರನ್ನು ನಾನೇ ನೋಡಿದ್ದೇನೆ. ದಯವಿಟ್ಟು ಮಗುವನ್ನು ಎತ್ತಿಕೊಂಡೇ ಹೋಗಿ.

ಕಳೆದ ತಿಂಗಳು ನಾದಿನಿಯ ಮನೆಗೆ ಯಲಬುರ್ಗಾಕ್ಕೆ ಹೋಗಿದ್ದೆವು. ಮಗ ದಾರಿಯುದ್ದಕ್ಕೂ ಎದ್ದೇ ಇದ್ದ, ಹೊಲದಲ್ಲಿ ಕಂಡ ಎತ್ತುಗಳನ್ನು ಎಣಿಸುತ್ತ. ಅತ್ತೆಯವರು ಹಿಂದಿನಿಂದ ಹೇಳಿದ ಪ್ರತಿಯೊಂದು ಮಾತೂ ಈ ಸಲ ನಮಗೆ ಸ್ಪಷ್ಟವಾಗಿ ಕೇಳಿಸಿತು.