ಕಣ ಸಣ್ಣದು, ಆಸೆ ದೊಡ್ಡದು

"ಸಾಲಿ ಕಂಪ್ಯೂಟರು ರಾತ್ರಿಯೆಲ್ಲ ಸುಮ್ಮನ ಕುಂತಿರ್ತಾವ್ರಿ ಸರ್. ಮೆಮೊರಿ ಸೆಟ್ಟಿಂಗ್ ಒಂದೀಟು ಬದಲಿ ಮಾಡಿದ್ರ ಮೊನೆರೊ ಮೈನಿಂಗ್ ಮಾಡಬಹುದು, ಕರೆಂಟ್ ಬಿಲ್ಲರೆ ಹುಟ್ಟತದ." ಇಂಥ ಮಾತು ಸಲಗರ ಬುದ್ರುಕದಂಥ ಊರುಗಳಿಗೂ ಬಂದಿದೆ. ಹೇಳುವವರು ನಮ್ಮವೇ ಕಲಿತ ಹುಡುಗರು. ಆದ್ದರಿಂದಲೇ ನಾವು ಸುಮ್ಮನಿರುವಂತಿಲ್ಲ. ಇದು ಆಗದ ಮಾತು, ಆಗಬಾರದ ಮಾತು. ಯಾಕೆಂದು ಲೆಕ್ಕ ಹಾಕಿಯೇ ಹೇಳುತ್ತೇವೆ.

ರಾಮ್ ಎಂದರೆ ಕಣ, ಹಾರ್ಡ್ ಡಿಸ್ಕ್ ಎಂದರೆ ಹಗೇವು. ರಾಶಿ ಮಾಡುವುದು ಕಣದಲ್ಲಿ, ಕೂಡಿಡುವುದು ಹಗೇವಿನಲ್ಲಿ. ಮೊನೆರೊ 2019ರ ನವೆಂಬರಿನಿಂದ ಬಳಸುತ್ತಿರುವ ರಾಂಡಮ್‌ಎಕ್ಸ್ ಪೂರ್ಣ ವೇಗದಲ್ಲಿ ಓಡಲು ಕಣದಲ್ಲಿ 2080 ಎಂಬಿ ಜಾಗ ಬೇಕು. ನಮ್ಮ ಹಳೆಯ 2 ಜಿಬಿ ಯಂತ್ರದಲ್ಲಿ ಇರುವುದೇ 2048 ಎಂಬಿ! ವಿಂಡೋಸ್ ಎಲ್ಲಿ ಕೂರಬೇಕು? 256 ಎಂಬಿಯಲ್ಲಿ ನಡೆಯುವ ಹಗುರ ಬಗೆಯೂ ಇದೆ, ಆದರೆ ಅದರ ವೇಗ ಹಲವು ಪಟ್ಟು ಕಡಿಮೆ.

"ಹಾಗಾದರೆ ವರ್ಚುವಲ್ ಮೆಮೊರಿ 16 ಜಿಬಿ ಮಾಡಿ" ಎನ್ನುತ್ತಾರೆ. ಆ ಸಲಹೆ ಗ್ರಾಫಿಕ್ಸ್ ಕಾರ್ಡಿನಲ್ಲಿ ಎಥೀರಿಯಂ ತೆಗೆಯುತ್ತಿದ್ದ ಕಾಲದ್ದು. ಎಥೀರಿಯಂ ಮೈನಿಂಗ್ 2022ರ ಸೆಪ್ಟೆಂಬರ್ 15ಕ್ಕೇ ಮುಗಿಯಿತು. ವರ್ಚುವಲ್ ಮೆಮೊರಿ ಹೆಚ್ಚಿಸಿದರೆ ಕಣ ದೊಡ್ಡದಾಗುವುದಿಲ್ಲ. ಒಂದೊಂದು ಹಿಡಿ ಜೋಳಕ್ಕೂ ಹಗೇವಿಗೆ ಇಳಿದು ಹತ್ತಬೇಕಾಗುತ್ತದೆ. ಡಿಸ್ಕು ರಾಮ್‌ಗಿಂತ ಸಾವಿರಾರು ಪಟ್ಟು ನಿಧಾನ.

'ಹ್ಯೂಜ್ ಪೇಜಸ್' ಮಾತು ಮಾತ್ರ ಸುಳ್ಳಲ್ಲ. ಮೆಮೊರಿಯನ್ನು 4 ಕೆಬಿಯ ಪುಟಗಳಾಗಿ ಹಂಚಿದರೆ 2080 ಎಂಬಿಗೆ 5,32,480 ಪುಟ. 2 ಎಂಬಿಯ ಪುಟಗಳಾದರೆ ಬರೀ 1040. ಹುಡುಕುವ ಕೆಲಸ ಕಡಿಮೆಯಾಗಿ ವೇಗ ಹೆಚ್ಚುತ್ತದೆ, ನಿಜ. ಆದರೆ ಆ ಪುಟಗಳಿಗೆ ಬೀಗ ಬೀಳುತ್ತದೆ, ಬೇರೆ ಕೆಲಸಕ್ಕೆ ಸಿಗುವುದಿಲ್ಲ. 4 ಜಿಬಿ ಯಂತ್ರದಲ್ಲಿ ಅರ್ಧ ಕಣ ಅಲ್ಲಿಗೆ ಹೋಯಿತು. ಮುಂಜಾನೆ ಮೈನಿಂಗ್ ನಿಲ್ಲಿಸುವುದನ್ನು ಮರೆತರೆ ಮಗು ನುಡಿ ತೆರೆದು 'ಅ' ಒತ್ತಿ ಕಾಯುತ್ತಾ ಕೂರಬೇಕು.

ಇನ್ನು ದುಡ್ಡು. ಎರಡು ನಿಮಿಷಕ್ಕೊಂದು ಬ್ಲಾಕ್, ಬ್ಲಾಕಿಗೆ 0.6 ನಾಣ್ಯ: ಇಡೀ ಜಗತ್ತಿಗೆ ದಿನಕ್ಕೆ ಸುಮಾರು 432 ಹೊಸ ನಾಣ್ಯ. ಅದಕ್ಕಾಗಿ ಸೆಕೆಂಡಿಗೆ ನೂರಾರು ಕೋಟಿ ಹ್ಯಾಷ್ ನಡೆಯುತ್ತವೆ. ನಮ್ಮ ಹಳೆಯ ಯಂತ್ರ ಕೆಲವು ನೂರು ಹ್ಯಾಷ್ ಮಾಡೀತು. ಅದು 100 ವ್ಯಾಟ್ ತಿಂದರೆ ಹಗಲು ರಾತ್ರಿ ಸೇರಿ ದಿನಕ್ಕೆ 2.4 ಯುನಿಟ್, ತಿಂಗಳಿಗೆ 72. ಹತ್ತು ಯಂತ್ರಕ್ಕೆ 720 ಯುನಿಟ್! ನಿಮ್ಮ ಬಿಲ್ಲಿನ ದರದಿಂದ ನೀವೇ ಗುಣಿಸಿ ನೋಡಿ. ಬಂದ ಲಾಭಕ್ಕೆ 2022ರ ಏಪ್ರಿಲಿನಿಂದ ನೂರಕ್ಕೆ 30 ತೆರಿಗೆ ಬೇರೆ.

ಮೈನಿಂಗ್ ಹೆಸರಿನಲ್ಲಿ ತಿಂಗಳಿಗೆ ನೂರಕ್ಕೆ 10 ಕೊಡುತ್ತೇವೆಂದ ಗೇನ್‌ಬಿಟ್‌ಕಾಯಿನ್ ಪ್ರಕರಣದಲ್ಲಿ 2018ರಲ್ಲಿ ಬಂಧನ ಮಾಡಿದವರು ನಮ್ಮದೇ ರಾಜ್ಯದ ಪುಣೆ ಪೊಲೀಸರು. ಅದನ್ನಾದರೂ ನೆನಪಿಡಬೇಡವೇ?

"ಕನ್ನಡ ಮಾಧ್ಯಮದವರು ಹೊಸದಕ್ಕೆ ಹೆದರುತ್ತೀರಿ" ಎಂದು ಮೂದಲಿಸುವವರಿದ್ದಾರೆ. ಹೆದರಿಕೆಯಲ್ಲ ಸ್ವಾಮಿ, ಲೆಕ್ಕ! ಅಕ್ಕಲಕೋಟ, ಜತ್ತ, ದಕ್ಷಿಣ ಸೋಲಾಪುರದ ಕನ್ನಡ ಶಾಲೆಗಳಲ್ಲಿ ಎಷ್ಟೋ ಮಕ್ಕಳು ಕೀಲಿಮಣೆ ಮುಟ್ಟುವುದು ಶಾಲೆಯಲ್ಲಿ ಮಾತ್ರ. ಆ ಯಂತ್ರ ಕಾದು ಕೆಟ್ಟರೆ ಇನ್ನೊಂದು ಬರುವುದು ಯಾವಾಗಲೋ. ಬಾಲಭಾರತಿ ಪುಸ್ತಕವನ್ನು ಕನ್ನಡದಲ್ಲಿ ಓದುವ ಮಗು 'ಪೇಜ್ ಫೈಲ್' ಎಂದರೇನೆಂದು ತಿಳಿಯದೆ, ಯಾರೋ ಹೇಳಿದ ಅಂಕಿಯನ್ನು ಮಂತ್ರದಂತೆ ಒತ್ತುವುದು ಕಲಿಕೆಯಲ್ಲ, ಕೂಲಿ.

ಆದ್ದರಿಂದ ನಮ್ಮ ಶಾಲೆಗಳ ಶಿಕ್ಷಕರಲ್ಲಿ, ಪಾಲಕರಲ್ಲಿ ಎರಡೇ ಮಾತು. ಶಾಲೆಯ ಯಂತ್ರದಲ್ಲಿ ಮೈನಿಂಗ್ ತಂತ್ರಾಂಶ ಯಾರೇ ಹಾಕಬಂದರೂ ಬೇಡವೆನ್ನಿ. ಮತ್ತು ಅದೇ ವಾರ ಮಕ್ಕಳನ್ನು ಕೂರಿಸಿ ಟಾಸ್ಕ್ ಮ್ಯಾನೇಜರ್ ತೆರೆದು ತೋರಿಸಿ: ಕಣ ಎಷ್ಟು, ತುಂಬಿದ್ದೆಷ್ಟು, ಉಳಿದದ್ದೆಷ್ಟು. 2080ನ್ನು 2ರಿಂದ ಭಾಗಿಸಲು ನಮ್ಮ ಮಕ್ಕಳಿಗೆ ಬರುತ್ತದೆ. ಯಾತಕ್ಕೆ ಭಾಗಿಸಬೇಕೆಂಬುದನ್ನು ಕನ್ನಡದಲ್ಲಿ ಹೇಳಿಕೊಡುವುದು ನಮ್ಮ ಕೆಲಸ.