ಹಿರೇಮದ್ದಿನ ಗಿಡವೂ ‘ಬಂಜರು’ ನೆಲವೂ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳ ಸೀಮೆಯನ್ನು ಹೊರಗಿನವರು ಅರಿತಿರುವುದು ಅಲ್ಲಿಯ ಹಾಸುಗಲ್ಲು, ಸಿಮೆಂಟು ಮತ್ತು ತೊಗರಿಗಳಿಂದ. ಈ ಮೂರಕ್ಕೂ ಒದಗದ ನೆಲವನ್ನು ‘ಬಂಜರು’ ಎಂದು ಕರೆದು ಮರೆಯುವುದು ವಾಡಿಕೆಯಾಗಿದೆ. ಆದರೆ ಬಯಲುಸೀಮೆಯ ಇಂತಹ ಒಣನೆಲದಲ್ಲಿಯೇ ಹಿರೇಮದ್ದಿನ ಗಿಡ, ಎಂದರೆ ಅಶ್ವಗಂಧ, ಯಾರೂ ಬಿತ್ತದೆ ತಾನಾಗಿ ಬೆಳೆಯುತ್ತದೆ.

ಇದು ಬದನೆ, ಮೆಣಸಿನಕಾಯಿ, ಆಲೂಗಡ್ಡೆ, ಉಮ್ಮತ್ತಿಗಳ ಕುಟುಂಬಕ್ಕೆ ಸೇರಿದ ಪೊದೆ. ಎಲೆಕಾಂಡಗಳ ಮೇಲೆ ಬೂದುಬಣ್ಣದ ನವಿರಾದ ರೋಮ. ಹಸುರು ಬೆರೆತ ಹಳದಿಯ ಪುಟ್ಟ ಹೂ. ಕಾಗದದಂತಹ ತೆಳುವಾದ ಚೀಲದೊಳಗೆ ಅಡಗಿದ ಕೆಂಪು ಹಣ್ಣು. ಹಸಿಯ ಬೇರಿಗೆ ಕುದುರೆಯ ವಾಸನೆಯಿರುವುದರಿಂದ ಅಶ್ವಗಂಧವೆಂಬ ಹೆಸರು ಬಂದಿತು. ಸಸ್ಯಶಾಸ್ತ್ರಜ್ಞರು ಇದನ್ನು ‘ವಿತಾನಿಯ ಸಾಮ್ನಿಫೆರ’ ಎನ್ನುತ್ತಾರೆ. ಎರಡನೆಯ ಪದಕ್ಕೆ ‘ನಿದ್ರೆ ತರುವುದು’ ಎಂದರ್ಥ. 1960ರ ದಶಕದಲ್ಲಿ ರಸಾಯನಜ್ಞರು ಇದರಲ್ಲಿಯ ವಿತಾಫೆರಿನ್-ಎ ಎಂಬ ವಸ್ತುವಿನ ರಚನೆಯನ್ನು ನಿರ್ಧರಿಸಿದರು. ಆ ಬಗೆಯ ಹಲವಾರು ವಸ್ತುಗಳು ಅನಂತರ ಬೆಳಕಿಗೆ ಬಂದಿವೆ.

ಈಗ ಇದರ ಪುಡಿಗೂ ಗುಳಿಗೆಗೂ ದೇಶವಿದೇಶಗಳಲ್ಲಿ ಬೇಡಿಕೆಯಿದೆ. ಔಷಧಕ್ಕೆ ಮುಖ್ಯವಾಗಿ ಬೇಕಾದುದು ಬೇರು. ಎಲೆಯನ್ನು ಕಿತ್ತರೆ ಗಿಡ ಮತ್ತೆ ಚಿಗುರೀತು. ಬೇರನ್ನೇ ಅಗೆದರೆ ಗಿಡ ಸತ್ತಂತೆಯೇ ಸರಿ. ಹಣ್ಣು ಮಾಗುವ ಮುನ್ನ ಅಗೆದರಂತೂ ಮುಂದಿನ ಸಂತತಿಯೂ ಇಲ್ಲ.

ಮಧ್ಯಪ್ರದೇಶದ ನೀಮಚ್, ಮಂದಸೌರ್‌ಗಳಲ್ಲಿ ಸಾಗುವಳಿ ನಡೆದಿರುವಾಗ ಕಾಡುಗಿಡದ ಚಿಂತೆಯೇಕೆ ಎಂದು ಕೆಲವರು ಕೇಳಬಹುದು. ಹೊಲದ ಬೆಳೆ ಆರಿಸಿ ತೆಗೆದ ತಳಿಗಳದು. ಕಾಡುಗಿಡಗಳಲ್ಲಿಯಾದರೋ ಎತ್ತರ, ಬೇರು, ರಾಸಾಯನಿಕ ಗುಣ ಎಲ್ಲದರಲ್ಲಿಯೂ ಭೇದವುಂಟು. ನಾಳೆ ಹೊಸ ರೋಗವೋ ಅನಾವೃಷ್ಟಿಯೋ ಬಂದಾಗ ತಳಿವಿಜ್ಞಾನಿ ಕೈಚಾಚಬೇಕಾದುದು ಈ ಭಂಡಾರಕ್ಕೆ. ಇದರ ಗುಣದೋಷಗಳ ವಿಚಾರಣೆಯೂ ಮುಗಿದಿಲ್ಲ; 2023ರಲ್ಲಿ ಡೆನ್ಮಾರ್ಕ್ ದೇಶವು ಸುರಕ್ಷತೆಯ ಸಂದೇಹದಿಂದ ಇದನ್ನು ನಿಷೇಧಿಸಿತು. ವಿಚಾರಣೆ ಮುಗಿಯುವ ಮುನ್ನವೇ ಗಿಡದ ವೈವಿಧ್ಯವನ್ನು ಕಳೆದುಕೊಳ್ಳುವುದು ವಿವೇಕವಲ್ಲ.

2011ರಲ್ಲಿ ಚಿಂಚೋಳಿಯ ಕಾಡು ವನ್ಯಜೀವಿಧಾಮವಾದುದು ಸಂತೋಷದ ಸಂಗತಿ. ಆದರೆ ಅಶ್ವಗಂಧವು ದಟ್ಟಡವಿಯ ಸಸ್ಯವಲ್ಲ. ಹೊಲದ ಬದು, ಊರಂಚು, ದಾರಿಯ ಮಗ್ಗುಲು ಅದರ ನೆಲೆ. ಅಲ್ಲಿಗೆ ಧಾಮದ ಬೇಲಿ ತಲುಪದು. ಆದುದರಿಂದ ಆಡಕಿಯಿಂದ ಚಿಂಚೋಳಿಯವರೆಗೆ ಪ್ರತಿಯೊಂದು ಊರೂ ಇಂತಹ ನೆಲದ ಒಂದು ತುಂಡನ್ನಾದರೂ ಅಗೆಯದೆ, ಸುಡದೆ ಉಳಿಸಬೇಕು. ಹೊಸ ಗಣಿ ತೆರೆಯುವ ಮುನ್ನ ಅಲ್ಲಿಯ ಗಿಡಗಳ ಬೀಜವನ್ನು ಸಂಗ್ರಹಿಸುವುದು ಕಡ್ಡಾಯವಾಗಬೇಕು. ಬೇರಿನಿಂದ ಹಣ ಬಯಸುವವರು ಬಿತ್ತಿ ಬೆಳೆಯಲಿ. ಬಿತ್ತದೆ ಬೆಳೆದುದು ಬೀಜಕ್ಕಾಗಿ ಉಳಿಯಲಿ.