ತಂದೆ-ತಾಯಂದಿರಿಗೆ ತಿಳಿವಳಿಕೆ ತರಗತಿ ಆರಂಭಿಸಲು ಕೋರಿ ಮನವಿ ಪತ್ರ

ಗೆ,
ಸದಸ್ಯ ಕಾರ್ಯದರ್ಶಿಯವರು,
ಕರ್ನಾಟಕ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ,
ನ್ಯಾಯ ದೇಗುಲ, ಎಚ್. ಸಿದ್ದಯ್ಯ ರಸ್ತೆ, ಬೆಂಗಳೂರು.

ವಿಷಯ: ವಿಚ್ಛೇದನ ಹಾಗೂ ಮಕ್ಕಳ ಸುಪರ್ದಿ ಪ್ರಕರಣಗಳಲ್ಲಿ ತಂದೆ-ತಾಯಿ ಇಬ್ಬರಿಗೂ ತಿಳಿವಳಿಕೆ ತರಗತಿ ನಡೆಸುವ ಕುರಿತು.

ಮಾನ್ಯರೇ,

ಕುಟುಂಬ ನ್ಯಾಯಾಲಯಗಳಲ್ಲಿ ಪ್ರಕರಣ ನಡೆಸಿದ, ಈಗಲೂ ನಡೆಸುತ್ತಿರುವ ತಂದೆ-ತಾಯಂದಿರಾದ ನಾವು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆಯ 9ನೇ ಕಲಂ ರಾಜಿಗೆ ಯತ್ನಿಸುವ ಹೊಣೆಯನ್ನು ನ್ಯಾಯಾಲಯಕ್ಕೇ ವಹಿಸಿದೆ. ಆಪ್ತ ಸಮಾಲೋಚಕರಿದ್ದಾರೆ, ಮಧ್ಯಸ್ಥಿಕೆ ಕೇಂದ್ರವಿದೆ. ಗಂಡ-ಹೆಂಡಿರನ್ನು ಕೂಡಿಸಲು, ಅದಾಗದಿದ್ದರೆ ಜೀವನಾಂಶ, ಭೇಟಿಯ ದಿನಗಳನ್ನು ಇತ್ಯರ್ಥ ಮಾಡಲು ಇವೆಲ್ಲ ನೆರವಾಗುತ್ತವೆ. ಆದರೆ ಇನ್ನು ಕೂಡಿ ಬಾಳುವುದಿಲ್ಲ ಎಂದು ಖಚಿತವಾದ ಮೇಲೆ ಮಗುವಿನೆದುರು ಹೇಗೆ ನಡೆದುಕೊಳ್ಳಬೇಕೆಂದು ನಮ್ಮನ್ನು ಕೂರಿಸಿ ಹೇಳಿದವರಿಲ್ಲ. ವಕೀಲರು ಕೇಸು ಗೆಲ್ಲುವ ದಾರಿ ಹೇಳುತ್ತಾರೆ. ನೆಂಟರು ಬಿಟ್ಟುಕೊಡಬೇಡ ಎನ್ನುತ್ತಾರೆ.

ಭೇಟಿ ಮುಗಿಸಿ ಬಂದ ಮಗು ಚಪ್ಪಲಿ ಬಿಡುವ ಮೊದಲೇ ವಿಚಾರಣೆ ಶುರುವಾಗುತ್ತದೆ: "ಅಪ್ಪ ನನ್ನ ಬಗ್ಗೆ ಏನಂದ? ಮನೆಯಲ್ಲಿ ಯಾರಿದ್ರು?" ಆ ಕಡೆಯೂ ಅಷ್ಟೇ: "ಅಮ್ಮ ಫೋನಲ್ಲಿ ಯಾರ ಹತ್ರ ಮಾತಾಡ್ತಾಳೆ?" ಶಾಲೆಯ ಫೀಸಿನ ಚೀಟಿ "ನಿಮ್ಮಪ್ಪನಿಗೇ ಕೊಡು" ಎಂಬ ಮಾತಿನೊಡನೆ ಬ್ಯಾಗಿಗೆ ಬೀಳುತ್ತದೆ, ಕಟ್ಟದೆ ಹಾಗೇ ವಾಪಸು ಬರುತ್ತದೆ. ಎಂಟು ವರ್ಷದ ಮಗು ಒಂದೊಂದು ಮನೆಗೆ ಒಂದೊಂದು ಉತ್ತರ ಸಿದ್ಧಮಾಡಿಕೊಳ್ಳುತ್ತದೆ. ಎಷ್ಟೋ ಸಲ ಇದರಲ್ಲಿ ಅಜ್ಜ-ಅಜ್ಜಿಯರ ಪಾಲೇ ಹೆಚ್ಚು. ಅವರನ್ನೂ ಒಂದು ದಿನ ತರಗತಿಗೆ ಕರೆಸುವುದು ಒಳ್ಳೆಯದು.

ಮಗುವಿನ ಮನಸ್ಸನ್ನು ತಂದೆ ಅಥವಾ ತಾಯಿಯ ವಿರುದ್ಧ ತಿರುಗಿಸುವುದರಿಂದ ಆಗುವ ಹಾನಿಯನ್ನು ಸುಪ್ರೀಂ ಕೋರ್ಟ್ 2017ರ ವಿವೇಕ್ ಸಿಂಗ್ ಪ್ರಕರಣದಲ್ಲೇ ಚರ್ಚಿಸಿದೆ. ತೀರ್ಪು ಬರುವ ಹೊತ್ತಿಗೆ ಆಗುವ ಹಾನಿ ಆಗಿರುತ್ತದೆ. ಅಮೆರಿಕದ ಫ್ಲೋರಿಡಾದಲ್ಲಿ ಅಪ್ರಾಪ್ತ ಮಕ್ಕಳಿರುವ ದಂಪತಿ ವಿಚ್ಛೇದನಕ್ಕೆ ಮುನ್ನ ಕನಿಷ್ಠ 4 ಗಂಟೆಗಳ ತರಗತಿ ಮುಗಿಸಬೇಕೆಂಬ ಕಾನೂನೇ ಇದೆ. ನಮ್ಮಲ್ಲಿ ಹೊಸ ಕಾನೂನು ಬರುವವರೆಗೆ ಕಾಯಬೇಕಿಲ್ಲ. ಮುಂಜಾಗ್ರತೆಯ ಕಾನೂನು ನೆರವಿನ ಕಾರ್ಯಕ್ರಮ ಕೈಗೊಳ್ಳುವುದನ್ನು 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 7ನೇ ಕಲಂ ತಮ್ಮ ಕೆಲಸಗಳಲ್ಲೇ ಸೇರಿಸಿದೆ.

ಆದ್ದರಿಂದ ನಮ್ಮ ಬೇಡಿಕೆಗಳು:

ಅಪ್ರಾಪ್ತ ಮಕ್ಕಳಿರುವ ಪ್ರತಿ ಪ್ರಕರಣದಲ್ಲೂ ಆರಂಭದಲ್ಲೇ ಇಬ್ಬರಿಗೂ ಅರ್ಧ ದಿನದ ತರಗತಿ ಆಗಬೇಕು. ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ಆರು ತಿಂಗಳ ಕಾಯುವಿಕೆ ಇದಕ್ಕೆ ಸಕಾಲ. ಆ ಅವಧಿಯನ್ನು ನ್ಯಾಯಾಲಯ ಮನ್ನಾ ಮಾಡಿದರೂ ತರಗತಿ ತಪ್ಪಬಾರದು.

ಇಬ್ಬರನ್ನೂ ಬೇರೆ ಬೇರೆ ದಿನ ಕರೆಯಬೇಕು. ಕೌಟುಂಬಿಕ ಹಿಂಸೆಯ ದೂರಿರುವಲ್ಲಿ ಇದರಲ್ಲಿ ಯಾವ ಸಡಿಲಿಕೆಯೂ ಸಲ್ಲದು. ಈ ಮಾತನ್ನು ಒತ್ತಿ ಹೇಳುತ್ತೇವೆ: ತರಗತಿ ರಾಜಿ ಪಂಚಾಯಿತಿ ಆಗಕೂಡದು. "ಮಕ್ಕಳ ಮುಖ ನೋಡಿ ಹೊಂದಿಕೊಂಡು ಹೋಗಮ್ಮ" ಎಂಬ ಉಪದೇಶವನ್ನು ನಮ್ಮಲ್ಲಿನ ಹೆಣ್ಣುಮಕ್ಕಳು ಸಾಕಷ್ಟು ಕೇಳಿದ್ದಾರೆ. ಅದನ್ನೇ ಸರ್ಕಾರದ ಖರ್ಚಿನಲ್ಲಿ ಮತ್ತೆ ಕೇಳಿಸುವುದು ಬೇಡ.

ಅಲ್ಲಿ ಆಡಿದ ಮಾತು ಸಾಕ್ಷ್ಯವಾಗಬಾರದು. ಹಾಜರಾದ ಬಗ್ಗೆ ಒಂದು ಚೀಟಿಯಷ್ಟೇ ಕಡತ ಸೇರಲಿ. ಪಠ್ಯವನ್ನು ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯರ ನೆರವಿನಿಂದ ರೂಪಿಸಿ, ಕನ್ನಡವಲ್ಲದೆ ಉರ್ದು, ತುಳು ಮುಂತಾಗಿ ಆಯಾ ಊರಿನ ಜನರ ಮಾತಿನಲ್ಲೂ ಹೇಳಿಸಬೇಕು. ಶುಲ್ಕವಿರಬಾರದು. ಕೂಲಿ ಬಿಟ್ಟು ಬರುವವರಿಗಾಗಿ ಭಾನುವಾರವೂ ಇರಲಿ, ಹೊರದೇಶದಲ್ಲಿರುವವರಿಗೆ ವಿಡಿಯೋ ಮೂಲಕ ನಡೆಯಲಿ.

ಮೊದಲು ಬೆಂಗಳೂರು ಮತ್ತು ಕಲಬುರಗಿಯಲ್ಲಿ ಪ್ರಾಯೋಗಿಕವಾಗಿ ಆರಂಭಿಸಬೇಕೆಂದೂ, ಈ ಬಗ್ಗೆ ಖುದ್ದಾಗಿ ವಿವರಿಸಲು ನಮಗೆ ಸಮಯ ನೀಡಬೇಕೆಂದೂ ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
(ಸಹಿಗಳನ್ನು ಲಗತ್ತಿಸಿದೆ)

ಪ್ರತಿ: ರಿಜಿಸ್ಟ್ರಾರ್ ಜನರಲ್, ಕರ್ನಾಟಕ ಹೈಕೋರ್ಟ್ – ಸೂಕ್ತ ಕ್ರಮಕ್ಕಾಗಿ.